ಅಂಚೇ ಅರಿವೆಯಾದ ಕಥೆ

ಕೊಳ್ಳೇಗಾಲದ ಸೀಮೆಯಲ್ಲಿ ಮಗ್ಗವನ್ನು ಬಲ್ಲವರು ರೇಷ್ಮೆ ಸೀರೆಯನ್ನು ಕೈಗೆತ್ತಿಕೊಂಡರೆ ಒಡಲಿನ ಬಣ್ಣಕ್ಕಿಂತ ಮೊದಲು ಅಂಚನ್ನು ನೋಡುವರು. ಏಕೆಂದರೆ ಹಾಸಿನ ಎಳೆಗಳ ನಡುವೆ ಹೊಕ್ಕನ್ನು ಹೊತ್ತು ಓಡಿದ ಲಾಳಿಯು ಹಿಂದಿರುಗುವ ಆ ತಿರುವಿನಲ್ಲಿ ನೂಲು ತುಸು ಬಿಗಿದರೆ ಬಟ್ಟೆ ಒಳಕ್ಕೆ ಸೆಳೆದುಕೊಳ್ಳುವುದು, ತುಸು ಸಡಿಲಿಸಿದರೆ ಎಳೆಯು ಕುಣಿಕೆಯಾಗಿ ಹೊರಬೀಳುವುದು. ಸೀರೆಯ ಪೂರ್ಣ ಅಗಲವನ್ನು ದಾಟಿದ ಮೇಲೆ ಒಮ್ಮೆ ಒದಗುವ ಈ ಪರೀಕ್ಷೆಯು ಎರಡು ಬೆರಳಗಲದ ರಿಬ್ಬನ್ನಿನಲ್ಲಿ ಕ್ಷಣಕ್ಷಣಕ್ಕೂ ಒದಗುತ್ತದೆ. ರಿಬ್ಬನ್ನೆಂದರೆ ಒಡಲೇ ಇಲ್ಲದ ಬಟ್ಟೆ, ಎರಡು ಅಂಚುಗಳು ಪರಸ್ಪರ ಮುಟ್ಟಿ ನಿಂತ ನೇಯ್ಗೆ.

ಈ ಕಿರಿಯ ವಸ್ತುವಿಗಾಗಿ ಯೂರೋಪಿನಲ್ಲಿ ದೊಡ್ಡ ಕಲಹಗಳೇ ನಡೆದುವು. ಹಲವು ರಿಬ್ಬನ್ನುಗಳನ್ನು ಏಕಕಾಲಕ್ಕೆ ನೇಯುವ ಯಂತ್ರಮಗ್ಗವು ಬಂದಾಗ ಜೀವನೋಪಾಯವನ್ನು ಕಳೆದುಕೊಳ್ಳುವ ಭೀತಿಯಿಂದ ನೇಕಾರರು ದಂಗೆಯೆದ್ದರು. ಹ್ಯಾಂಬರ್ಗ್ ನಗರದ ಆಡಳಿತಸಭೆಯು ಅದನ್ನು ಬಹಿರಂಗವಾಗಿ ಸುಡಿಸಿತು. 1685ರಲ್ಲಿ ಚಕ್ರವರ್ತಿಯ ಶಾಸನವು ಜರ್ಮನ್ ನಾಡುಗಳಲ್ಲೆಲ್ಲ ಅದರ ಬಳಕೆಯನ್ನು ನಿಷೇಧಿಸಿತು. ಆದರೂ ಯಂತ್ರ ನಿಲ್ಲಲಿಲ್ಲ. ಇಂಗ್ಲೆಂಡಿನ ಕವೆಂಟ್ರಿಯಂತೂ ರಿಬ್ಬನ್ನನ್ನೇ ನಂಬಿ ಬೆಳೆದ ಪಟ್ಟಣ. 1860ರ ವಾಣಿಜ್ಯ ಒಪ್ಪಂದದಿಂದ ಫ್ರಾನ್ಸಿನ ರೇಷ್ಮೆಯು ಸುಂಕವಿಲ್ಲದೆ ಒಳಬರಲಾರಂಭಿಸಿದಾಗ ಅಲ್ಲಿಯ ನೇಕಾರರು ಸಾವಿರಾರು ಮಂದಿ ಊರು ತೊರೆಯಬೇಕಾಯಿತು. ಆ ದುರ್ದಿನಗಳಲ್ಲಿ ಥಾಮಸ್ ಸ್ಟೀವನ್ಸ್ ಎಂಬಾತನು ಜಕಾರ್ಡ್ ಮಗ್ಗವನ್ನು ಹೂಡಿ, ಪುಸ್ತಕದ ಪುಟಗಳ ನಡುವೆ ಇಡುವ ಸಚಿತ್ರ ರೇಷ್ಮೆಪಟ್ಟಿಗಳನ್ನು ನೇಯಿಸಿ, ಆ ಕಸುಬಿನ ಒಂದಂಶವನ್ನಾದರೂ ಉಳಿಸಿದನು.

ನಮ್ಮ ಕೊಳ್ಳೇಗಾಲದಲ್ಲಾದರೋ ಈ ಕುಶಲತೆಯು ಜರಿಯಂಚಿನಲ್ಲಿಯೇ ನೆಲೆಗೊಂಡಿತು. ಸೀರೆಯ ಒಡಲು ಜೀರ್ಣವಾದ ಮೇಲೂ ಅಂಚನ್ನು ಬಿಚ್ಚಿ ಮಗಳ ಲಂಗಕ್ಕೆ ಹೊಲಿಯುತ್ತಿದ್ದ ತಾಯಂದಿರು ಅದರ ಬೆಲೆಯನ್ನು ಚೆನ್ನಾಗಿ ಬಲ್ಲವರಾಗಿದ್ದರು. ರಿಬ್ಬನ್ನು ಹಳ್ಳಿಯನ್ನು ಹೊಕ್ಕುದು ಶಾಲೆಯೊಡನೆ: ಎರಡು ಜಡೆ ಹೆಣೆದು, ಮಡಿಸಿ, ಮೇಲೆತ್ತಿ ಹೂವಿನಂತೆ ಕಟ್ಟುವುದು ಹೆಣ್ಣುಮಕ್ಕಳಿಗೆ ಸಮವಸ್ತ್ರದ ಅಂಗವಾಯಿತು. ಕಚೇರಿಯಲ್ಲಿ ಅದೇ ಪಟ್ಟಿ ಮಸಿ ಕುಡಿದು ಟೈಪ್‌ರೈಟರಿನ ಅಕ್ಷರಗಳನ್ನು ಮೂಡಿಸಿತು. ಯೋಧನ ಎದೆಯ ಮೇಲೆ ಪದಕವನ್ನು ಹೊತ್ತಿತು. ಉದ್ಘಾಟನೆಯಲ್ಲಿ ಅದನ್ನು ಕತ್ತರಿಸುವುದು ಮಾತ್ರ ನನಗೆ ಸೇರದು. ನೇಯ್ದುದನ್ನು ಕಡಿದು ಶುಭಾರಂಭ ಮಾಡುವುದಕ್ಕಿಂತ ದೀಪ ಬೆಳಗುವುದೇ ಲೇಸು.

ಇಂದು ಇದೇ ಸೀಮೆಯ ಕುಂತೂರಿನ ಬಾಲೆಯ ಜಡೆಗೆ ಬರುವ ಪಾಲಿಯೆಸ್ಟರ್ ರಿಬ್ಬನ್ನನ್ನು ಹಲವೊಮ್ಮೆ ಅಗಲವಾದ ಬಟ್ಟೆಯಿಂದ ಕಾದ ಅಲಗಿನಲ್ಲಿ ಸೀಳಿರುತ್ತಾರೆ. ಅಂಥದರ ಅಂಚು ನೇಯ್ದುದಲ್ಲ, ಕರಗಿ ಅಂಟಿದುದು. ಅಂಗಡಿಯಾತನು ಮೊಳ ಹಾಕಿ ಕತ್ತರಿಸಿ, ತುದಿಗೆ ಬೆಂಕಿಕಡ್ಡಿಯ ಬಿಸಿ ತಾಗಿಸಿ ಕೊಡುತ್ತಾನೆ. ಅಗ್ಗದ ಈ ವಸ್ತುವಿನೊಡನೆ ರೇಷ್ಮೆ ಬೆಲೆಯಲ್ಲಿ ಸ್ಪರ್ಧಿಸಲಾರದು, ನಿಜ. ಆದರೆ ಈ ಸೀಮೆಯ ಶಾಲೆಗಳಲ್ಲಿ ಮಕ್ಕಳ ಕೊರಳಿಗೆ ಹಾಕುವ ಪದಕಗಳ ಪಟ್ಟಿಯನ್ನಾದರೂ ಕೊಳ್ಳೇಗಾಲದಲ್ಲಿಯೇ ನೇಯಿಸಬಾರದೇಕೆ? ಹಿಪ್ಪುನೇರಳೆಯ ತೋಟ, ಗೂಡು, ನೂಲು, ಮಗ್ಗ, ಅಂಚನ್ನರಿತ ಕೈ, ಎಲ್ಲವೂ ಇಲ್ಲಿಯೇ ಉಂಟು.