ಆನ್‌ಲೈನ್ ಆಟದ ಪೆಟ್ಟಿಗೆಗೆ ಬರ ಬಂದದ್ದೇಕೆ?

ನಮ್ಮ ವಾಚನಾಲಯಕ್ಕೆ ಸಂಜೆಯ ಹೊತ್ತು ಬರುವ ಸದಸ್ಯರೊಬ್ಬರು ಈಚೆಗೆ ಕೈಚೀಲದಿಂದ ಒಂದು ಪೆಟ್ಟಿಗೆಯನ್ನು ತೆಗೆದು ಮೇಜಿನ ಮೇಲಿಟ್ಟರು. ಮಗನಿಗೆಂದು ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ಚೌಕಾಶಿ ಮಾಡಿ ತಂದ ಕಂಪ್ಯೂಟರು ಆಟ; ಹೆಸರು 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್'. ನಾಲ್ಕು ಡಿಸ್ಕುಗಳೂ ಇವೆ, ಒಂದರ ಮೇಲೂ ಗೀಟು ಬಿದ್ದಿಲ್ಲ, ಕೈಪಿಡಿಯೂ ನೆಟ್ಟಗಿದೆ. ಆದರೆ ಆಟ ಮಾತ್ರ ಆರಂಭವಾಗಲೊಲ್ಲದು. ಪೆಟ್ಟಿಗೆಯೊಳಗಿನ ಚೀಟಿಯ ಸಂಖ್ಯೆಯನ್ನು ಎಷ್ಟು ಸಲ ಒತ್ತಿದರೂ ಅದು ಈಗಾಗಲೇ ಬೇರೊಬ್ಬರ ಹೆಸರಿಗೆ ಸಂದಿದೆ ಎಂಬ ಉತ್ತರವೇ ಬರುತ್ತದೆ. "ಸರಕು ಸರಿಯಾಗಿದ್ದೂ ಕೆಲಸಕ್ಕೆ ಬಾರದೆಂದರೆ ಇದೇನು ಸ್ವಾಮಿ?" ಎಂದು ಅವರು ಕೇಳಿದರು.

ಅವರ ಪ್ರಶ್ನೆಗೆ ಉತ್ತರ ಬೇಕಾದರೆ 2004ನೆಯ ಇಸವಿಯ ಅಮೆರಿಕಕ್ಕೆ ಹೋಗಬೇಕು. ಏಕೆಂದರೆ ಇದೇ ಪೆಟ್ಟಿಗೆಗಾಗಿ ಆಗ ಅಲ್ಲಿ ಜನ ಮಧ್ಯರಾತ್ರಿಯಲ್ಲಿ ಸಾಲು ನಿಂತಿದ್ದರು.

ಈ ಆಟವನ್ನು ತಯಾರಿಸಿದ್ದು ಕ್ಯಾಲಿಫೋರ್ನಿಯಾದ ಇರ್ವೈನ್ ನಗರದ ಬ್ಲಿಝಾರ್ಡ್ ಎಂಬ ಕಂಪೆನಿ. ಮನೆಯಲ್ಲಿ ಒಬ್ಬರೇ ಕುಳಿತು ಆಡಿ ಮುಗಿಸುವ ಆಟ ಇದಲ್ಲ. ಸಾವಿರಾರು ಮಂದಿ ತಮ್ಮ ತಮ್ಮ ಮನೆಗಳಿಂದಲೇ ಇಂಟರ್ನೆಟ್ಟಿನ ಮೂಲಕ ಒಂದೇ ಕಾಲ್ಪನಿಕ ಲೋಕವನ್ನು ಹೊಕ್ಕು, ಜೊತೆಗೂಡಿ ಅಲೆದು, ಕಾದಾಡುವ ಆಟ. 2004ರ ನವೆಂಬರ್ 23ರಂದು ಅದು ಮಾರಾಟಕ್ಕೆ ಬಂದಿತು. ಪೆಟ್ಟಿಗೆಯ ಬೆಲೆ ಸುಮಾರು 50 ಡಾಲರು. ಮೊದಲ ತಿಂಗಳು ಕಳೆದ ಮೇಲೆ ತಿಂಗಳಿಗೆ ಸುಮಾರು 15 ಡಾಲರು ಚಂದಾ ಬೇರೆ. ಬಟ್ಟೆಯ ಮೇಲೆ ಮುದ್ರಿಸಿದ ನಕ್ಷೆ, ಚಿತ್ರಗಳ ಪುಸ್ತಕ ಮೊದಲಾದುವನ್ನು ಸೇರಿಸಿದ 80 ಡಾಲರಿನ ವಿಶೇಷ ಪೆಟ್ಟಿಗೆಯೂ ಇದ್ದಿತು. ಅದರ ಮೇಲೆ ಸಂಗ್ರಾಹಕರ ಕಣ್ಣು ಬಿದ್ದುದರಿಂದ ಅದು ಇನ್ನೂ ದುರ್ಲಭವಾಯಿತು.

ಹಿಂದಿನ ರಾತ್ರಿ ಫೌಂಟನ್ ವ್ಯಾಲಿ ಎಂಬ ಊರಿನ ಎಲೆಕ್ಟ್ರಾನಿಕ್ ಸಾಮಾನಿನ ದೊಡ್ಡ ಮಳಿಗೆಯೊಂದರಲ್ಲಿ ಕಂಪೆನಿಯವರೇ ಮಧ್ಯರಾತ್ರಿಯ ಮಾರಾಟವನ್ನು ಏರ್ಪಡಿಸಿದ್ದರು. ಎಣಿಸಿದುದಕ್ಕಿಂತ ಎಷ್ಟೋ ಪಟ್ಟು ಜನ ನೆರೆದರು. ಅಮೆರಿಕ, ಕೆನಡಾ, ಆಸ್ಟ್ರೇಲಿಯ, ನ್ಯೂಜಿಲೆಂಡುಗಳಲ್ಲಿ ಮೊದಲ 24 ಗಂಟೆಗಳಲ್ಲೇ 2,40,000ಕ್ಕಿಂತ ಹೆಚ್ಚು ಪೆಟ್ಟಿಗೆಗಳು ಖರ್ಚಾದುವು. ಆಮೇಲೆ ಅಂಗಡಿಗಳ ಕಪಾಟು ಬರಿದಾಯಿತು. ಇಂಥ ವೇಳೆಯಲ್ಲಿ ಜನ ಮಾಡುವುದೇನೆಂಬುದು ನಮಗೆಲ್ಲ ತಿಳಿದದ್ದೇ. ಮುಂಗಡ ಕೊಟ್ಟು ಹೆಸರು ಬರೆಸಿದವರು ಬಚಾವಾಗುತ್ತಾರೆ. ಉಳಿದವರು ಅಂಗಡಿಗೆ ಫೋನು ಮಾಡಿ ಲಾರಿ ಯಾವ ದಿನ ಬರುವುದೆಂದು ವಿಚಾರಿಸುತ್ತಾರೆ. ಆಟದ ಅಂಗಡಿಯಲ್ಲಿ ಮುಗಿದದ್ದು ಸಕಲ ಸಾಮಾನಿನ ಮಳಿಗೆಯ ಮೂಲೆಯಲ್ಲಿ ಉಳಿದೀತೆಂದು ಹುಡುಕುತ್ತಾರೆ. ಕೊನೆಗೆ ಕಾಳಸಂತೆಯವನ ಕೈಗೆ ಇಮ್ಮಡಿ ಹಣ ಸುರಿಯುತ್ತಾರೆ.

ಇಲ್ಲಿಯವರೆಗೆ ಇದು ಸೀಮೆಎಣ್ಣೆಯ ಬರದಂತೆಯೇ ಕಾಣುತ್ತದೆ. ಆದರೆ ಸ್ವಲ್ಪ ಯೋಚಿಸಿ. ಸೀಮೆಎಣ್ಣೆಯನ್ನು ನಕಲು ಮಾಡಲಾಗದು, ಡಿಸ್ಕನ್ನು ಮಾಡಬಹುದು. ಅದನ್ನು ಒತ್ತುವುದಕ್ಕೆ ತಗಲುವ ವೆಚ್ಚವೂ ಅತ್ಯಲ್ಪ. ಅಷ್ಟೇಕೆ, ಒಬ್ಬ ಗೆಳೆಯನ ಡಿಸ್ಕಿನಿಂದ ಇಡೀ ವಿದ್ಯಾರ್ಥಿನಿಲಯದ ಕಂಪ್ಯೂಟರುಗಳಿಗೆ ಆಟವನ್ನು ತುಂಬಿಕೊಳ್ಳಬಹುದಾಗಿದ್ದಿತು. ಕಂಪೆನಿ ಅದಕ್ಕೆ ಅಡ್ಡಿಪಡಿಸಲೂ ಇಲ್ಲ. ಹಾಗಿದ್ದ ಮೇಲೆ ಜನ ಅಷ್ಟು ಪರದಾಡಿದ್ದು ಯಾತಕ್ಕಾಗಿ? ಪೆಟ್ಟಿಗೆಯೊಳಗಿನ ಒಂದು ಚೀಟಿಗಾಗಿ. ಅದರ ಮೇಲೆ ಅಚ್ಚಾದ ಅಕ್ಷರ ಮತ್ತು ಅಂಕಿಗಳ ಸಾಲೇ ಆಟದ ಕೀಲಿ. ಒಂದು ಕೀಲಿಗೆ ಒಂದೇ ಖಾತೆ. ಒಮ್ಮೆ ನೋಂದಾಯಿಸಿದರೆ ತೀರಿತು.

ರೈಲ್ವೆಯ ಉದಾಹರಣೆ ಇಲ್ಲಿ ಚೆನ್ನಾಗಿ ಹೊಂದುತ್ತದೆ. ಬೇಸಗೆಯ ರಜೆಯಲ್ಲಿ ಊರಿಗೆ ಹೋಗಲು ಟಿಕೀಟು ಸಿಗಲಿಲ್ಲವೆಂದು ನಾವು ಹೇಳುತ್ತೇವೆ. ನಿಜವಾಗಿ ಇಲಾಖೆಯಲ್ಲಿ ಕಾಗದಕ್ಕೆ ಅಭಾವವಿಲ್ಲ. ಗಾಡಿಯಲ್ಲಿ ಬರ್ತು ಇಲ್ಲ. ಆಟದ ಪೆಟ್ಟಿಗೆಯೂ ಹಾಗೆಯೇ. ಆಟದ ಲೋಕ ನಡೆಯುವುದು ನಮ್ಮ ಮನೆಯ ಯಂತ್ರದಲ್ಲಲ್ಲ, ಕಂಪೆನಿಯ ಸರ್ವರು ಎಂಬ ದೊಡ್ಡ ಕಂಪ್ಯೂಟರುಗಳಲ್ಲಿ. ಯಾರು ಎಲ್ಲಿ ನಿಂತಿದ್ದಾರೆ, ಯಾರ ಏಟು ಯಾರಿಗೆ ತಾಗಿತು, ಯಾರ ಚೀಲದಲ್ಲಿ ಏನಿದೆ ಎಂಬುದನ್ನೆಲ್ಲ ಕ್ಷಣಕ್ಷಣಕ್ಕೂ ಲೆಕ್ಕವಿಡುವುದು ಅವೇ. (ನಮ್ಮಲ್ಲಿ ಲೆಡ್ಜರು ಬರೆಯುವ ಮಿತ್ರರಿಗೆ ಆ ಯಂತ್ರದ ಮೇಲೆ ಕನಿಕರ ಹುಟ್ಟೀತು.) ಒಂದೊಂದು ಲೋಕದಲ್ಲಿ ಏಕಕಾಲಕ್ಕೆ ಕೆಲವೇ ಸಾವಿರ ಮಂದಿಗೆ ಸ್ಥಳ. ಅದಕ್ಕಿಂತ ಹೆಚ್ಚು ಮಂದಿ ನುಗ್ಗಿದರೆ ಲೆಕ್ಕ ಹಿಂದೆ ಬೀಳುತ್ತದೆ, ಆಟ ತಡವರಿಸುತ್ತದೆ, ಕೊನೆಗೆ ನಿಂತೇ ಹೋಗುತ್ತದೆ.

ಆಗ ನಡೆದದ್ದೂ ಅದೇ. ಸಾಲು ನಿಂತು ಪೆಟ್ಟಿಗೆ ತಂದವರು ಮನೆಯಲ್ಲಿ ಮತ್ತೊಂದು ಸಾಲಿನಲ್ಲಿ ನಿಲ್ಲಬೇಕಾಯಿತು. ತೆರೆಯ ಮೇಲೆ ಅವರ ಸರದಿಯ ಸಂಖ್ಯೆ ಮೂಡುತ್ತಿದ್ದಿತು, ಅದು ಇಳಿಯುವುದನ್ನೇ ನೋಡುತ್ತ ಕೂಡಬೇಕಾಗಿದ್ದಿತು. ಕಂಪೆನಿ ಹೊಸ ಸರ್ವರುಗಳನ್ನು ಜೋಡಿಸುತ್ತ ಹೋಯಿತು, ತೊಂದರೆಗೊಳಗಾದವರ ಚಂದಾಕ್ಕೆ ಕೆಲವು ದಿನಗಳನ್ನು ಬಿಟ್ಟಿಯಾಗಿ ಸೇರಿಸಿತು. ಜೊತೆಗೆ, ಯಂತ್ರಗಳು ಸಿದ್ಧವಾಗುವವರೆಗೆ ಅಂಗಡಿಗಳಿಗೆ ಹೊಸ ಪೆಟ್ಟಿಗೆಗಳನ್ನು ಕಳುಹಿಸುವುದನ್ನು ತಾನಾಗಿಯೇ ತಡೆಹಿಡಿಯಿತು. ಕೊಳ್ಳಲು ಬಂದವನನ್ನು ಹಿಂದಕ್ಕೆ ಕಳಿಸುವುದು ವ್ಯಾಪಾರಿಗೆ ಸುಲಭವಲ್ಲ. ಆದರೂ ಸ್ಥಳವಿಲ್ಲದ ಗಾಡಿಗೆ ಟಿಕೀಟು ಮಾರುವುದಕ್ಕಿಂತ ಅದು ಮರ್ಯಾದೆಯ ಕೆಲಸವೆಂದೇ ನಮ್ಮ ಅಭಿಪ್ರಾಯ. 2010ರ ಅಕ್ಟೋಬರಿನ ಹೊತ್ತಿಗೆ ಇದೇ ಆಟಕ್ಕೆ ಜಗತ್ತಿನಾದ್ಯಂತ 1 ಕೋಟಿ 20 ಲಕ್ಷ ಚಂದಾದಾರರಾದರು.

ಪೆಟ್ಟಿಗೆ, ಡಿಸ್ಕು ಇಲ್ಲದೆ ನೇರವಾಗಿ ಇಂಟರ್ನೆಟ್ಟಿನಿಂದ ಆಟವನ್ನು ಇಳಿಸಿಕೊಳ್ಳುವ ಪದ್ಧತಿ ಬಂದ ಮೇಲೆ ಈ ಬರ ತಪ್ಪಿರಬೇಕೆಂದು ಕೆಲವರು ಹೇಳಬಹುದು. ತಪ್ಪಿಲ್ಲ. 2021ರ ಡಿಸೆಂಬರಿನಲ್ಲಿ ಜಪಾನಿನ ಸ್ಕ್ವೇರ್ ಎನಿಕ್ಸ್ ಕಂಪೆನಿ ತನ್ನ 'ಫೈನಲ್ ಫ್ಯಾಂಟಸಿ 14' ಎಂಬ ಆಟದ ಹೊಸ ಭಾಗವನ್ನು ಹೊರತಂದಾಗ ಸರ್ವರುಗಳ ಮುಂದೆ ಗಂಟೆಗಟ್ಟಲೆ ಸಾಲು ಬೆಳೆಯಿತು. ಹೊಸ ಯಂತ್ರಗಳನ್ನು ಹಾಕೋಣವೆಂದರೆ ಆಗ ಜಗತ್ತಿನಲ್ಲೆಲ್ಲ ಅರೆವಾಹಕ ಚಿಪ್ಪುಗಳ ಅಭಾವ. ಕಂಪೆನಿ ಆಟದ ಮಾರಾಟವನ್ನೇ ನಿಲ್ಲಿಸಿ, 2022ರ ಜನವರಿ 25ರಂದು ಪುನಃ ಆರಂಭಿಸಿತು. ಎಷ್ಟು ನಕಲು ಬೇಕಾದರೂ ಖರ್ಚಿಲ್ಲದೆ ಕೊಡಬಹುದಾದ ಸರಕಿಗೂ 'ದಾಸ್ತಾನು ಇಲ್ಲ' ಎಂಬ ಬೋರ್ಡು ತಗುಲಿಹಾಕಿದಂತಾಯಿತು.

ಹೊಸ ಆಟ ಹೊರಬಂದ ವಾರದಲ್ಲೇ ಪೆಟ್ಟಿಗೆ ಬೇಕೆಂದು ಹಟ ಹಿಡಿಯುವ ಮಕ್ಕಳುಳ್ಳ ಸದಸ್ಯರು ಇದನ್ನು ಗಮನದಲ್ಲಿಡಬೇಕು. ಅಂಗಡಿಯವನನ್ನು ಮೊದಲು ಕೇಳಬೇಕಾದದ್ದು ಡಿಸ್ಕಿನ ಮಾತಲ್ಲ. ಒಳಗೆ ಬಳಸದ ಕೀಲಿ ಇದೆಯೇ, ತಿಂಗಳ ಚಂದಾ ಬೇರೆ ಉಂಟೇ, ಸರ್ವರು ಇನ್ನೂ ನಡೆಯುತ್ತಿದೆಯೇ ಎಂಬುದನ್ನು ವಿಚಾರಿಸಬೇಕು. ಎಷ್ಟೋ ಪೆಟ್ಟಿಗೆಗಳಲ್ಲಿ ಈಗ ಡಿಸ್ಕೇ ಇರುವುದಿಲ್ಲ, ಬರೀ ಚೀಟಿ ಇರುತ್ತದೆ. ಸರ್ವರು ಮುಚ್ಚಿದರಂತೂ ಹೊಚ್ಚಹೊಸ ಪೆಟ್ಟಿಗೆಯೂ ವ್ಯರ್ಥ. ಸೋನಿ ಕಂಪೆನಿಯ 'ಕಾಂಕಾರ್ಡ್' ಎಂಬ ಆಟ 2024ರ ಆಗಸ್ಟ್ 23ರಂದು ಬಂದು ಸೆಪ್ಟೆಂಬರ್ 6ರಂದು ಮುಚ್ಚಿಹೋಯಿತು. ಅಲ್ಲಿ ಕೊಂಡವರಿಗೆಲ್ಲ ಹಣ ವಾಪಸಾಯಿತು. ಪ್ರತಿ ಸಲವೂ ಹಾಗಾಗುವುದೆಂಬ ಭರವಸೆಯಿಲ್ಲ. ಎರಡನೆಯ ಕೈಯ ಪೆಟ್ಟಿಗೆ ಕೊಂಡವರಿಗೆ ಕೇಳುವ ಹಕ್ಕು ಕೂಡ ಇಲ್ಲದಿರಬಹುದು.

ನಮ್ಮ ಸದಸ್ಯರ ಪೆಟ್ಟಿಗೆಯ ಕೀಲಿಯನ್ನು ಹಿಂದಿನ ಒಡೆಯ ಯಾವತ್ತೋ ತೆರೆದು ಮುಗಿಸಿದ್ದ. ಆದರೆ ಅವರಿಗೆ ಒಂದು ಸಮಾಧಾನದ ಸುದ್ದಿಯನ್ನೂ ಹೇಳಿದೆವು. 2018ರಿಂದ ಈ ಆಟದ ಮೂಲಭಾಗಕ್ಕೆ ಪ್ರತ್ಯೇಕ ಬೆಲೆಯಿಲ್ಲ, ಚಂದಾ ಕಟ್ಟಿದರೆ ಸಾಕು. 20ನೆಯ ಮೆಟ್ಟಿಲಿನವರೆಗಂತೂ ಯಾರು ಬೇಕಾದರೂ ಬಿಟ್ಟಿಯಾಗಿ ಇಳಿಸಿಕೊಂಡು ಆಡಬಹುದು; ಪೆಟ್ಟಿಗೆಯೂ ಬೇಡ, ಚೀಟಿಯೂ ಬೇಡ. ಇದನ್ನು ಕೇಳಿ ಅವರು ತುಸು ಹೊತ್ತು ಸುಮ್ಮನಿದ್ದು, ಅಂಗಡಿಯವನಿಗೆ ಕೊಟ್ಟ ಹಣದ ಲೆಕ್ಕವನ್ನು ಬಾಯಲ್ಲೇ ಹೇಳಿಕೊಂಡು, ಪೆಟ್ಟಿಗೆಯನ್ನು ಮತ್ತೆ ಕೈಚೀಲಕ್ಕೆ ಹಾಕಿಕೊಂಡರು.