ಬೀಪ್ ಬಂದರೆ ಮೋಟರ್ ಸರಿಯೇ?

ರಾಮನಗರದ ರೀಲಿಂಗ್ ಘಟಕದಲ್ಲಾಗಲಿ, ಚನ್ನಪಟ್ಟಣದ ಗೊಂಬೆ ಲೇತಿನ ಮುಂದಾಗಲಿ, ಕನಕಪುರ, ಮಾಗಡಿ ಕಡೆಯ ಬೋರ್ ಹತ್ತಿರವಾಗಲಿ, ಮೋಟರ್ ನಿಂತಿತೆಂದರೆ ಮೊದಲು ಹೊರಬರುವುದು ಹಳದಿ ಬಣ್ಣದ ಸಣ್ಣ ಮಲ್ಟಿಮೀಟರ್. ಅದು ಎಲ್ಲರ ಕೈಗೆಟುಕುವ ಬೆಲೆಗೆ ಸಿಗುವಂತಾದದ್ದು ದೊಡ್ಡ ಉಪಕಾರ. ಆದರೆ ಮೀಟರ್ ಜತೆಗೇ ಕೆಲವು ನಂಬಿಕೆಗಳೂ ಕೈಯಿಂದ ಕೈಗೆ ದಾಟಿವೆ. ಅವನ್ನೇ ನೆಚ್ಚಿಕೊಂಡರೆ ಚೆನ್ನಾಗಿರುವ ಮೋಟರ್ ರಿವೈಂಡಿಂಗ್ ಅಂಗಡಿ ಸೇರುತ್ತದೆ, ಕೆಟ್ಟದ್ದು ಮತ್ತೆ ಬೋರ್‌ಗೆ ಇಳಿಯುತ್ತದೆ. ಪೈಪು ಎತ್ತಿಸಿ ಇಳಿಸುವ ಕೂಲಿ ಎರಡೆರಡು ಸಲ ಬೀಳುತ್ತದೆ.

ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿರುವುದು ಬೀಪ್ ಮೇಲಿನ ನಂಬಿಕೆ: ‘ಬೀಪ್ ಬಂತು, ವೈಂಡಿಂಗ್ ಸರಿಯಿದೆ.’ ಹತ್ತಾರು ಓಮ್‌ಗಿಂತ ಕಡಿಮೆ ರೋಧ ಕಂಡರೆ ಸಾಕು, ಮೀಟರ್ ಕೂಗುತ್ತದೆ. ತಂತಿ ಎಲ್ಲೂ ತುಂಡಾಗಿಲ್ಲ ಎಂಬುದಷ್ಟೇ ಅದರ ಅರ್ಥ. ಒಳಗೆ ಸುತ್ತುಗಳು ಒಂದಕ್ಕೊಂದು ಅಂಟಿ ಶಾರ್ಟ್ ಆಗಿದ್ದರೂ ಅದೇ ಬೀಪ್ ಬರುತ್ತದೆ. ಹಾಗಾಗಿ ಮೇನ್ ಆಫ್ ಮಾಡಿ, ಕೇಬಲ್ಲನ್ನು ಸ್ಟಾರ್ಟರ್‌ನಿಂದ ಬಿಚ್ಚಿ, ಮೀಟರನ್ನು 200 ಓಮ್‌ಗೆ ತಿರುಗಿಸಬೇಕು. ಮೊದಲು ಎರಡೂ ಪ್ರೋಬ್ ಮುಟ್ಟಿಸಿದಾಗ 0.3, 0.5 ಹೀಗೆ ಏನೋ ಒಂದು ಬರುತ್ತದೆ. ಅದು ಮೀಟರ್ ವೈರಿನದೇ ರೋಧ, ಪ್ರತಿ ಅಳತೆಯಿಂದಲೂ ಕಳೆಯಬೇಕಾದದ್ದು. ಆಮೇಲೆ ತ್ರೀ ಫೇಸ್ ಮೋಟರಿನ ಮೂರು ವೈರುಗಳನ್ನು ಎರಡೆರಡಾಗಿ ಅಳೆಯಿರಿ. ಮೂರು ಜೋಡಿಯೂ ಒಂದೇ ಸಮ ಬರಬೇಕು. 4.1, 4.1, 3.2 ಎಂದು ಬಂದರೆ ಬೀಪ್ ಎಷ್ಟೇ ಜೋರಾಗಿ ಕೂಗಲಿ, ಆ ಮೋಟರನ್ನು ಬೋರ್‌ಗೆ ಬಿಡಬಾರದು. ನಾಲ್ಕೈದು ಸುತ್ತು ಮಾತ್ರ ಶಾರ್ಟ್ ಆಗಿದ್ದರೆ ಓಮ್ ಅಳತೆಗೂ ಸಿಕ್ಕುವುದಿಲ್ಲ. ಆಗ ಮೋಟರ್ ಓಡಿಸಿ, ಕ್ಲ್ಯಾಂಪ್ ಮೀಟರಿನಲ್ಲಿ ಮೂರೂ ಫೇಸಿನ ಆಂಪಿಯರ್ ಹೋಲಿಸುವುದೇ ದಾರಿ.

ಪ್ರೋಬ್ ಎಲ್ಲೂ ಮುಟ್ಟದಿರುವಾಗ ಹಳದಿ ಮೀಟರಿನ ಎಡತುದಿಯಲ್ಲಿ ‘1’ ನಿಂತಿರುತ್ತದೆ. ಅದನ್ನು ಒಂದು ಓಮ್ ಎಂದು ಓದುವವರಿದ್ದಾರೆ. ಅದು ಅಂಕಿಯಲ್ಲ, ಅಳತೆ ಮಿತಿ ಮೀರಿದೆ ಎಂಬ ಸೂಚನೆ.

ಎರಡನೆಯ ನಂಬಿಕೆ ಜೀವಕ್ಕೇ ಅಪಾಯ: ‘ಮೀಟರಿನಲ್ಲಿ ಬಾಡಿ ತೋರಿಸಲಿಲ್ಲ, ಇನ್ಸುಲೇಷನ್ ಗಟ್ಟಿ ಇದೆ.’ ಬಾಡಿ ಎಂದರೆ ವೈಂಡಿಂಗ್ ಮೋಟರಿನ ಲೋಹದ ಮೈಗೆ ತಗುಲಿರುವುದು. ಈ ಮೀಟರ್ ನಡೆಯುವುದು 9 ವೋಲ್ಟ್ ಬ್ಯಾಟರಿಯಲ್ಲಿ, ಪ್ರೋಬ್ ತುದಿಗೆ ಬರುವುದು ಅದಕ್ಕಿಂತಲೂ ಕಡಿಮೆ. ಮೋಟರ್ ಓಡುವುದು 415 ವೋಲ್ಟಿನಲ್ಲಿ. ಹಳೆಯ ಪೈಪಿನಲ್ಲಿ ನೀರು ಸುಮ್ಮನೆ ಹರಿಯುವಾಗ ಸೋರದ ಬಿರುಕು, ಪಂಪಿನ ಒತ್ತಡ ಬಿದ್ದಾಗ ಚಿಮ್ಮುತ್ತದಲ್ಲ, ಇಲ್ಲೂ ಹಾಗೆಯೇ. ರೀಲಿಂಗ್ ಮನೆಗಳಲ್ಲಿ ಗೂಡು ಬೇಯಿಸುವ ಬಿಸಿನೀರಿನ ಹಬೆ ದಿನವಿಡೀ ಏಳುತ್ತಿರುತ್ತದೆ, ತೇವ ವೈಂಡಿಂಗಿಗೂ ಸೇರುತ್ತದೆ. ಅಂಥ ಮೋಟರ್ ಮಲ್ಟಿಮೀಟರಿಗೆ ಶುದ್ಧವಾಗಿ ಕಂಡು, ಕರೆಂಟ್ ಕೊಟ್ಟ ಕೂಡಲೇ ಒದ್ದೆ ನೆಲದ ಮೇಲೆ ನಿಂತವರಿಗೆ ಷಾಕ್ ಹೊಡೆಯಬಹುದು. ಇದಕ್ಕೆ ಬೇಕಾದದ್ದು 500 ವೋಲ್ಟ್ ಕೊಟ್ಟು ನೋಡುವ ಮೆಗ್ಗರ್. ಅದರಲ್ಲಿ 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಮೋಟರನ್ನು ಒಣಗಿಸಬೇಕು, ಇಲ್ಲವೇ ರಿಪೇರಿ ಮಾಡಿಸಬೇಕು. ಇನ್ನು ಮಲ್ಟಿಮೀಟರೇ ‘ಬಾಡಿ ಆಗಿದೆ’ ಎಂದು ತೋರಿಸಿದರೆ ಆ ಮಾತನ್ನು ನಂಬಿ. ಇಲ್ಲ ಎಂದಾಗ ಮಾತ್ರ ನಂಬಬೇಡಿ.

‘ಓಮ್ ಇಷ್ಟು ಕಡಿಮೆ ಇದೆ, ಶಾರ್ಟ್ ಆಗಿರಬೇಕು’ ಎಂಬ ಗಾಬರಿಯೂ ಸಾಮಾನ್ಯ. ಲೇತಿನ ಸಿಂಗಲ್ ಫೇಸ್ ಮೋಟರಿನ ರನ್ನಿಂಗ್ ವೈಂಡಿಂಗ್ 5 ಓಮ್ ಎನ್ನೋಣ. 230ನ್ನು 5ರಿಂದ ಭಾಗಿಸಿದರೆ 46 ಆಂಪಿಯರ್! ನಿಜವಾಗಿ ಮೋಟರ್ ಎಳೆಯುವುದು ನಾಲ್ಕೈದೇ. ತಿರುಗುವ ಮೋಟರ್ ತನ್ನೊಳಗೇ ಎದುರು ವೋಲ್ಟೇಜ್ ಹುಟ್ಟಿಸಿಕೊಂಡು ಕರೆಂಟನ್ನು ತಡೆಯುತ್ತದೆ, ನಿಂತ ಮೋಟರಿನ ಓಮ್ ಅಳತೆಯಲ್ಲಿ ಅದು ಕಾಣುವುದಿಲ್ಲ. ಕಾರಣ ಬೇರೆಯಾದರೂ ಹಳೆಯ 100 ವ್ಯಾಟ್ ಬಲ್ಬಿನದೂ ಇಂಥದೇ ಕಥೆ: ಉರಿಯುವಾಗ 529 ಓಮ್, ತಣ್ಣಗಿದ್ದಾಗ ಸುಮಾರು 40.

ಆಲೆ ಮರದ ಗೊಂಬೆ ಕಡೆಯುವ ಲೇತು ಗುಂಯ್ ಎಂದು ನಿಂತು, ಪುಲ್ಲಿಯನ್ನು ಕೈಯಲ್ಲಿ ತಿರುವಿದಾಗ ಮಾತ್ರ ಓಡಿದರೆ, ಮೋಟರ್ ಸುಟ್ಟಿದೆ ಎಂದುಕೊಳ್ಳಬೇಡಿ. ಕಂಡೆನ್ಸರ್ ಸತ್ವ ಕಳೆದುಕೊಂಡಿರಬಹುದು, ಸ್ಟಾರ್ಟಿಂಗ್ ವೈಂಡಿಂಗಿನ ದಾರಿ ತುಂಡಾಗಿರಬಹುದು, ಒಳಗಿನ ಸ್ವಿಚ್ಚಿನ ಪಾಯಿಂಟಿಗೆ ಮರದ ಪುಡಿ ಕೂತಿರಬಹುದು. ಇಲ್ಲಿ ಮುಳ್ಳಿನ ಮೀಟರಿನ ಕಾಲದ ಇನ್ನೊಂದು ನಂಬಿಕೆ ಅಡ್ಡ ಬರುತ್ತದೆ: ‘ಓಮ್‌ನಲ್ಲಿ ಮುಳ್ಳು ಹಾರಿ ವಾಪಸ್ ಬಂತು, ಕಂಡೆನ್ಸರ್ ಸರಿ.’ ಅದು ಶಾರ್ಟ್ ಆಗಿಲ್ಲ, ಚಾರ್ಜ್ ತೆಗೆದುಕೊಳ್ಳುತ್ತದೆ ಎಂಬುದಷ್ಟೇ ಗೊತ್ತಾಯಿತು. ಎಷ್ಟು ತೆಗೆದುಕೊಳ್ಳುತ್ತದೆ ಎಂಬುದೇ ಮುಖ್ಯ. 2.5 ಮೈಕ್ರೋಫ್ಯಾರಡ್ ಎಂದು ಬರೆದಿರುವ ಫ್ಯಾನ್ ಕಂಡೆನ್ಸರ್ 1.5ಕ್ಕೆ ಇಳಿದಿದ್ದರೂ ಮುಳ್ಳು ಹಾರುತ್ತದೆ, ಫ್ಯಾನ್ ಮಾತ್ರ ತೂಕಡಿಸುತ್ತದೆ. ಮೈಕ್ರೋಫ್ಯಾರಡ್ ಅಳೆಯುವ ಮೀಟರೇ ಬೇಕು. ಮುಟ್ಟುವ ಮುಂಚೆ ಚಾರ್ಜ್ ಇಳಿಸಿ: 230 ವೋಲ್ಟ್ ಲೈನಿನ ಶಿಖರ 325 ವೋಲ್ಟ್, ಅಷ್ಟೂ ಅದರಲ್ಲಿ ಉಳಿದಿರಬಹುದು. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸುವುದಕ್ಕಿಂತ, ಕೆಲವು ಕಿಲೋಓಮಿನ ದಪ್ಪ ರೆಸಿಸ್ಟರ್ ಮೂಲಕ ಇಳಿಸುವುದು ಕೈಗೂ ಕಂಡೆನ್ಸರಿಗೂ ಒಳ್ಳೆಯದು.

ಮೋಟರಿನಾಚೆಗೂ ಮೀಟರ್ ಹೀಗೆ ದಾರಿ ತಪ್ಪಿಸಬಹುದು. ಎಲ್‌ಇಡಿ ಬಲ್ಬ್ ಬಿಚ್ಚಿ ಡಯೋಡ್ ರೇಂಜಿನಲ್ಲಿ ನೋಡಿದಾಗ ಒಂದೂ ಹೊತ್ತದಿದ್ದರೆ ಎಲ್ಲವೂ ಹೋಗಿವೆ ಎಂದಲ್ಲ. ಒಂದೊಂದು ಹಳದಿ ಚುಕ್ಕೆಯೊಳಗೂ ಎರಡು ಮೂರು ಚಿಪ್ ಸಾಲಾಗಿರುವುದುಂಟು. ಅವು ಹೊತ್ತಲು 6, 9 ವೋಲ್ಟ್ ಬೇಕು, ಮೀಟರ್ ಕೊಡುವುದು 3ರ ಆಸುಪಾಸು. ಬೋರ್ಡಿನಲ್ಲಿ ಕೂತಿರುವ ರೆಸಿಸ್ಟರಿನ ವಿಷಯ ಸುಲಭ: ಕರೆಂಟ್ ತೆಗೆದು, ಚಾರ್ಜ್ ಇಳಿಸಿ ಅಳೆದಾಗ ಬರೆದದ್ದಕ್ಕಿಂತ ಕಡಿಮೆ ಬಂದರೆ ಅಕ್ಕಪಕ್ಕದ ಭಾಗಗಳ ಪ್ರಭಾವ ಇರಬಹುದು, ಒಂದು ಕಾಲು ಎತ್ತಿ ನೋಡಿ. ಬಹಳ ಹೆಚ್ಚು ಬಂದರೆ ಎತ್ತುವುದೂ ಬೇಡ, ಅದು ಕೆಟ್ಟಿದೆ.

‘ಮೀಟರ್ 90 ವೋಲ್ಟ್ ತೋರಿಸುತ್ತಿದೆ, ಲೈನಿನಲ್ಲಿ ಕರೆಂಟ್ ಇದೆ’ ಎಂಬುದನ್ನು ತೋಟದ ಸ್ಟಾರ್ಟರ್ ಬಾಕ್ಸಿನ ಮುಂದೆ ಕೇಳಬಹುದು. ಉದ್ದಕ್ಕೆ ಜತೆಯಾಗಿ ಓಡುವ ವೈರುಗಳಲ್ಲಿ ಒಂದಕ್ಕೆ ಕರೆಂಟಿದ್ದರೆ, ತುಂಡಾದ ಪಕ್ಕದ ವೈರಿನಲ್ಲೂ ಹುಸಿ ವೋಲ್ಟೇಜ್ ಕಾಣುತ್ತದೆ. ಒಳ್ಳೆಯ ಡಿಜಿಟಲ್ ಮೀಟರಿನ ಒಳರೋಧ 10 ಮೆಗಾಓಮ್ ಇರುವುದರಿಂದ ಅದರಲ್ಲೇ ಇದು ಹೆಚ್ಚು. ಬ್ರಿಟಿಷ್ ಅಂಚೆ ಇಲಾಖೆಯ ಎಂಜಿನಿಯರ್ ಮೆಕಡಿ ರೂಪಿಸಿದ, 1923ರಲ್ಲಿ ಮಾರಾಟಕ್ಕೆ ಬಂದ ಆವೋಮೀಟರಿನಂಥ ಮುಳ್ಳಿನ ಮೀಟರುಗಳು ತಾವೇ ಒಂದಿಷ್ಟು ಕರೆಂಟ್ ಎಳೆಯುತ್ತಿದ್ದುದರಿಂದ ಹುಸಿ ವೋಲ್ಟೇಜ್ ಅಲ್ಲೇ ಬಿದ್ದುಹೋಗುತ್ತಿತ್ತು. ಈಗ ಟೆಸ್ಟ್ ಲ್ಯಾಂಪ್ ಹಾಕಿ ನೋಡಬೇಕು. ಲ್ಯಾಂಪ್ ಹೊತ್ತದೆ ಮೀಟರಿನ ಅಂಕಿಯೂ ಕುಸಿದರೆ ಅದು ಹುಸಿ. ಹಾಗೆಂದು ಖಾತ್ರಿಯಾಗುವವರೆಗೆ ಆ ವೈರನ್ನು ಜೀವಂತ ಎಂದೇ ಲೆಕ್ಕಕ್ಕಿಡಿ.

ಈ ಅಳತೆಗೆ ಕೈ ಹಾಕುವ ಮೊದಲು ಕೆಂಪು ವೈರು ಯಾವ ರಂಧ್ರದಲ್ಲಿದೆ ನೋಡಿಕೊಳ್ಳಿ. ಆಂಪಿಯರ್ ಅಳೆದು 10 ಆಂಪಿಯರ್ ರಂಧ್ರದಲ್ಲೇ ಬಿಟ್ಟು ವೋಲ್ಟೇಜ್ ನೋಡಲು ಹೋದರೆ ಎರಡು ಫೇಸ್ ನಡುವೆ ಬರೀ ತಂತಿ ಇಟ್ಟಂತೆ. ಅಗ್ಗದ ಮೀಟರುಗಳಲ್ಲಿ ಆ ರಂಧ್ರಕ್ಕೆ ಫ್ಯೂಸ್ ಇರುವುದಿಲ್ಲ. ಮೀಟರಿನ ಮುಖದ ಮೇಲೇ ಹಾಗೆಂದು ಬರೆದಿರುತ್ತದೆ.