ವಿಮಾನವು ಹಾರುವುದು ಹೇಗೆ?

ಜೇವರ್ಗಿ ತಾಲೂಕಿನ ಕೊಳಕೂರಿನಂತಹ ಊರುಗಳವರಿಗೆ ವಿಮಾನವೆಂದರೆ ಬಹುಕಾಲ ಮುಗಿಲಿನಲ್ಲಿ ಕೇಳಿ ಮಾಯವಾಗುವ ಸದ್ದಾಗಿತ್ತು. 2019ರ ನವೆಂಬರ್ 22ರಂದು ಕಲಬುರಗಿಯ ವಿಮಾನನಿಲ್ದಾಣವು ತೆರೆದಾಗ ಅದು ತಮ್ಮ ಜಿಲ್ಲೆಯ ನೆಲಕ್ಕೇ ಇಳಿದು ಬಂದಿತು. ಇಷ್ಟು ಭಾರದ ಲೋಹವು ಗಾಳಿಯಲ್ಲಿ ಹೇಗೆ ನಿಲ್ಲುವುದೆಂದು ಮಕ್ಕಳು ಕೇಳಿದರೆ ಹಿರಿಯರಾದ ನಾವು ಏನು ಹೇಳಬೇಕು?

ಹಾರುವ ಹಂಬಲವು ಇಂದು ನಿನ್ನೆಯದಲ್ಲ. ನಮ್ಮ ರಾಮಾಯಣದಲ್ಲಿ ಪುಷ್ಪಕವುಂಟು. ಆದರೆ ಮನುಷ್ಯರು ಮೊದಲು ಬಂಧನವಿಲ್ಲದೆ ಮೇಲೇರಿದುದು 1783ರ ನವೆಂಬರ್ 21ರಂದು. ಅಂದು ಪ್ಯಾರಿಸ್ ನಗರದಲ್ಲಿ ಇಬ್ಬರು ಮೊಂಗೋಲ್ಫಿಯೇ ಸಹೋದರರ ಬಲೂನನ್ನೇರಿ ಸುಮಾರು 25 ನಿಮಿಷ ಸಂಚರಿಸಿದರು. ಕಾದ ಗಾಳಿಯು ಹಗುರಾದುದರಿಂದ ಬಲೂನು ತೇಲುವುದು. ಆದರೆ ಅದು ಗಾಳಿ ಬೀಸಿದತ್ತ ಹೋಗುವುದಲ್ಲದೆ ಬೇಕಾದತ್ತ ಹೋಗಲಾರದು.

ಜರ್ಮನಿಯ ಓಟೋ ಲಿಲಿಯೆಂಟಾಲನು ಯಂತ್ರವಿಲ್ಲದ ರೆಕ್ಕೆಗಳನ್ನು ಧರಿಸಿ ಗುಡ್ಡಗಳಿಂದ ನೂರಾರು ಸಲ ತೇಲಿ ಇಳಿದು, 1896ರಲ್ಲಿ ಬಿದ್ದು ಮಡಿದನು. ಅವನ ಬರಹಗಳನ್ನು ಓದಿದ ಅಮೆರಿಕೆಯ ರೈಟ್ ಸಹೋದರರು ಸೈಕಲ್ ಅಂಗಡಿಯವರು. ತಮ್ಮ ರೆಕ್ಕೆಯು ಲೆಕ್ಕದಷ್ಟು ಭಾರವನ್ನು ಎತ್ತದಿರಲು ಅವರು ಹಳೆಯ ಲೆಕ್ಕವನ್ನೇ ಸಂಶಯಿಸಿದರು. 1901ರಲ್ಲಿ ಮರದ ಪೆಟ್ಟಿಗೆಯೊಳಗೆ ಪಂಖದಿಂದ ಗಾಳಿ ಬೀಸಿ, ಸುಮಾರು 200 ಬಗೆಯ ಸಣ್ಣ ರೆಕ್ಕೆಗಳನ್ನು ಒರೆಗೆ ಹಚ್ಚಿದರು. 1903ರ ಡಿಸೆಂಬರ್ 17ರಂದು ಅವರ ವಿಮಾನವು ಮೊದಲು 12 ಸೆಕೆಂಡುಗಳಲ್ಲಿ 120 ಅಡಿ, ಅದೇ ದಿನ ಕೊನೆಗೆ 59 ಸೆಕೆಂಡುಗಳಲ್ಲಿ 852 ಅಡಿ ಹಾರಿತು.

ಇದರ ಮರ್ಮವನ್ನು ಗಾಳಿಪಟ ಹಾರಿಸಿದವರೆಲ್ಲರೂ ಬಲ್ಲರು. ಓರೆಯಾದ ಪಟಕ್ಕೆ ಗಾಳಿ ಬಡಿದರೆ ಅದು ಮೇಲೇರುವುದು. ಪಟವು ಗಾಳಿಗಾಗಿ ಕಾಯುವುದು. ವಿಮಾನವು ಯಂತ್ರಬಲದಿಂದ ಮುನ್ನುಗ್ಗಿ ತನ್ನ ಗಾಳಿಯನ್ನು ತಾನೇ ಮಾಡಿಕೊಳ್ಳುವುದು. ತುಸು ಓರೆಯಾಗಿ ಬಾಗಿದ ರೆಕ್ಕೆಯು ಗಾಳಿಯನ್ನು ಕೆಳಕ್ಕೆ ತಳ್ಳುವುದು. ಗಾಳಿಯು ರೆಕ್ಕೆಯನ್ನು ಮೇಲಕ್ಕೆ ಒತ್ತುವುದು. ಆ ಒತ್ತು ಭಾರವನ್ನು ಮೀರಿದರೆ ವಿಮಾನವು ನೆಲ ಬಿಡುವುದು. ರೆಕ್ಕೆಯ ಮತ್ತು ಬಾಲದ ಅಂಚಿನಲ್ಲಿರುವ ಚಲಿಸುವ ಹಲಗೆಗಳು ಅದನ್ನು ಏರಿಸಿ, ಇಳಿಸಿ, ಹೊರಳಿಸುವುವು.

ನಮ್ಮ ನಾಡೂ ಈ ವಿದ್ಯೆಯಲ್ಲಿ ಹಿಂದೆ ಬಿದ್ದಿಲ್ಲ. 1940ರಲ್ಲಿ ವಾಲಚಂದ ಹಿರಾಚಂದರು ಮೈಸೂರು ಸರಕಾರದ ನೆರವಿನಿಂದ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ಡಾಕ್ಟರ್ ಘಾಟಗೆಯವರ ಮುಂದಾಳುತನದಲ್ಲಿ ರಚಿತವಾದ ಎಚ್‌ಟಿ-2 ವಿಮಾನವು 1951ರಲ್ಲಿ ಅಲ್ಲಿಂದ ಹಾರಿತು.

ಇದೇ ನಾಡಿನಲ್ಲಿ ‘ವೈಮಾನಿಕ ಶಾಸ್ತ್ರ’ವೂ ಹುಟ್ಟಿತು. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಯಿಸಿದ ಈ ಗ್ರಂಥವು ಭರದ್ವಾಜ ಮಹರ್ಷಿಗಳದೆಂದು ಪ್ರಸಿದ್ಧವಾಯಿತು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು ಅದನ್ನು ಪರೀಕ್ಷಿಸಿ, ಅದು 1904ಕ್ಕಿಂತ ಹಿಂದಿನದಲ್ಲವೆಂದೂ ಅದರ ವಿಮಾನಗಳು ಹಾರಲಾರವೆಂದೂ ತೀರ್ಮಾನಿಸಿದರು. ಇದರಿಂದ ಪುಷ್ಪಕದ ಸೊಗಸಿಗೆ ಕುಂದಿಲ್ಲ. ಕಥೆಯು ಕಥೆಯಾಗಿಯೇ ದೊಡ್ಡದು. ಪೂರ್ವಿಕರ ಹೆಸರಿಗೆ ಇಲ್ಲದ ಯಂತ್ರವನ್ನು ಕಟ್ಟುವುದು ಅವರಿಗೆ ಸಲ್ಲಿಸುವ ಗೌರವವಲ್ಲ. ತಮ್ಮವರ ಗ್ರಂಥವೆಂಬ ಮಮತೆಗೆ ಸೋಲದೆ ಲೆಕ್ಕ ಹಾಕಿ ನೋಡಿದ ಆ ಐವರೂ, ನಂಬಿದ ಲೆಕ್ಕವನ್ನೇ ಶಂಕಿಸಿದ ರೈಟ್ ಸಹೋದರರೂ ಒಂದೇ ದಾರಿಯವರು. ಮಕ್ಕಳು ಕೇಳಿದಾಗ ಎರಡನ್ನೂ ಹೇಳೋಣ: ಪುಷ್ಪಕದ ಕಥೆಯನ್ನು ಕಥೆಯೆಂದು, ರೆಕ್ಕೆಯ ಲೆಕ್ಕವನ್ನು ಲೆಕ್ಕವೆಂದು.